ಒಂದೇ ಊರಲ್ಲಿ ಒಂದು ಕಡೆ ನಾಲ್ಕು ಇಂಚು ಹಿಮ, ಇನ್ನೊಂದು ಕಡೆ ಒಣ ರಸ್ತೆ. ಯಾಕೆ?

ಸುಂಟಿಕೊಪ್ಪ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಇದು ಕೊಡಗಿನ ಮಳೆ ವಿಷಯ ಅಲ್ಲ. ಆದರೆ ಮಳೆ ಲೆಕ್ಕ ಬರೆದಿಡುವವರು ಇಲ್ಲೇ ಜಾಸ್ತಿ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮಗಳು ಅಮೆರಿಕದ ಸಿಯಾಟಲ್ ಊರಿನ ಉತ್ತರಕ್ಕೆ ಲಿನ್‌ವುಡ್‌ನಲ್ಲಿದ್ದಾಳೆ. ತಮ್ಮನ ಮಗ ದಕ್ಷಿಣಕ್ಕೆ ರೆಂಟನ್‌ನಲ್ಲಿದ್ದಾನೆ. ಇಬ್ಬರ ಮನೆಗೂ ರಸ್ತೆಯಲ್ಲಿ 45 ಕಿ.ಮೀ. ಆಸುಪಾಸು. ನಮ್ಮ ಲೆಕ್ಕದಲ್ಲಿ ಮಡಿಕೇರಿಯಿಂದ ತಲಕಾವೇರಿಗೆ ಹೋದ ಹಾಗೆ.

ನಿನ್ನೆ ಬೆಳಿಗ್ಗೆ ಕಣದಲ್ಲಿ ಕಾಫಿ ಹರಡಿಸಿ ಬಂದು ಇಬ್ಬರಿಗೂ ಒಟ್ಟಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಹಿಂದಿನ ದಿನದ ಸಂಜೆ, ಆಗಲೇ ಕತ್ತಲು. ಮಗಳು ಮನೆ ಹಿಂದಿನ ಜಗಲಿಗೆ ಹೋಗಿ ಮರದ ಕಟಕಟೆ ತೋರಿಸಿದಳು. ಅದರ ಮೇಲೆ ಹಿಮ ಕೂತಿತ್ತು, ದೋಸೆ ಹಿಟ್ಟು ಉಬ್ಬಿ ಪಾತ್ರೆ ಅಂಚು ದಾಟಿದ ಹಾಗೆ. ಮಗುವಿನ ಸ್ಕೇಲ್ ಚುಚ್ಚಿ ನೋಡಿದಳು. ನಾಲ್ಕು ಇಂಚು. ತಮ್ಮನ ಮಗ ಕಿಟಕಿ ತೆರೆದು ಫೋನನ್ನು ಹೊರಗೆ ಹಿಡಿದ. ದೀಪದ ಕೆಳಗೆ ರಸ್ತೆ ಒಣಗಿತ್ತು. ಮೇಲೆ ನಕ್ಷತ್ರ ಕಾಣುತ್ತಿತ್ತು.

ಪಕ್ಕದಲ್ಲಿ ನನ್ನ ಅವ್ವ ಕೂತಿದ್ದರು. ಮಗಳು "ಮಂಜು ಬಿದ್ದಿದೆ" ಅಂದಾಗ ಅವ್ವ "ಇಲ್ಲೂ ಬೆಳಿಗ್ಗೆಯಿಂದ ಮಂಜೇ, ಈಗ ಬಿಟ್ಟಿತು" ಅಂದರು. ನಮ್ಮಲ್ಲಿ ಮಂಜು ಅಂದರೆ ತೋಟದ ಮೇಲೆ ಕೂರುವ ಹೊಗೆಯಂಥದ್ದು. ಅಳೆಯುವಂಥ ವಸ್ತು ಅಲ್ಲ.

ಭಾಗಮಂಡಲದಲ್ಲಿ ಮಳೆ ಅಷ್ಟು ಜಾಸ್ತಿ, ಕುಶಾಲನಗರದಲ್ಲಿ ಅಷ್ಟು ಕಮ್ಮಿ ಯಾಕೆ ಅಂತ ನಮಗೆಲ್ಲ ಗೊತ್ತು. ಘಟ್ಟ ಅಡ್ಡ ಇದೆ. ಆದರೆ ಲಿನ್‌ವುಡ್‌ಗೂ ರೆಂಟನ್‌ಗೂ ನಡುವೆ ಅಂಥ ಬೆಟ್ಟ ಯಾವುದೂ ಇಲ್ಲವಂತೆ. ಮತ್ತೆ ಯಾಕೆ ಹೀಗೆ? ತಿಳಿದವರು ಹೇಳಿ.

ಕುಶಾಲನಗರ ವಾಸಿ

ಕಾರಣ ಗೊತ್ತಿಲ್ಲ ಸರ್, ಅನುಭವ ಇದೆ. ಜುಲೈನಲ್ಲಿ ಜಿಲ್ಲೆಗೆಲ್ಲ ಮಳೆ ರಜೆ ಕೊಟ್ಟ ದಿನ ನಮ್ಮ ಬಡಾವಣೆಯ ಮಕ್ಕಳು ಬಿಸಿಲಲ್ಲಿ ಕ್ರಿಕೆಟ್ ಆಡುತ್ತಿರುತ್ತಾರೆ. ಅದೇ ಹೊತ್ತಿಗೆ ನಾಪೋಕ್ಲು ಕಡೆಯ ನೆಂಟರು ರಸ್ತೆ ಮೇಲೆ ನೀರು ನಿಂತ ಫೋಟೋ ಕಳಿಸುತ್ತಾರೆ.

ಗೋಣಿಕೊಪ್ಪದವಳು, ಈಗ ಸಿಯಾಟಲ್

ಅಂಕಲ್, ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯಿತು. ಮೊದಲ ಚಳಿಗಾಲದಲ್ಲಿ ನನಗೂ ಇದೇ ಪ್ರಶ್ನೆ ಬಂದಿತ್ತು. ಆಫೀಸಿನಲ್ಲಿ ಒಬ್ಬರು "ಹಿಮ, ಬರೋಕಾಗಲ್ಲ" ಅಂತ ಮೆಸೇಜ್ ಹಾಕುತ್ತಿದ್ದರು. ನಮ್ಮ ಕಿಟಕಿ ಹೊರಗೆ ಬರೀ ತುಂತುರು. ಸುಳ್ಳು ಹೇಳುತ್ತಿದ್ದಾರೆ ಅಂತಲೇ ಅಂದುಕೊಂಡಿದ್ದೆ. ಆಮೇಲೆ ಅವರ ಮನೆ ಕಡೆ ಹೋದಾಗ ರಸ್ತೆ ಬದಿಯಲ್ಲಿ ಹಿಮದ ರಾಶಿ ಇತ್ತು.

ಬೆಟ್ಟ ಇಲ್ಲ ಅಂದಿರಿ. ಬೆಟ್ಟ ಇದೆ ಅಂಕಲ್, ನಡುವೆ ಇಲ್ಲ ಅಷ್ಟೆ. ಪಶ್ಚಿಮಕ್ಕೆ, ಸಮುದ್ರದ ಕಡೆ ಇದೆ. ಒಲಿಂಪಿಕ್ ಬೆಟ್ಟಗಳು ಅಂತ ಹೆಸರು. ಎತ್ತರದ ಶಿಖರ 2,432 ಮೀಟರ್. ನಮ್ಮ ತಡಿಯಂಡಮೋಳ್ 1,748. ಬೆಟ್ಟದ ಆಚೆ ಶಾಂತ ಸಾಗರ. ಈಚೆ ಪ್ಯೂಜೆಟ್ ಸೌಂಡ್ ಅಂತ ಸಮುದ್ರದ ಒಂದು ತೋಳು ಒಳಗೆ ಬಂದಿದೆ. ಅದರ ದಡದಲ್ಲಿ ಸಿಯಾಟಲ್.

ಚಳಿಗಾಲದಲ್ಲಿ ಒಂದು ದೊಡ್ಡ ಮಳೆ ಹಾದು ಹೋದ ಮೇಲೆ ಸಾಗರದಿಂದ ವಾಯವ್ಯದ ತಣ್ಣನೆ ಗಾಳಿ ಬೀಸುತ್ತದೆ. ತಣ್ಣನೆ ಗಾಳಿ ಭಾರ. ಅದರಲ್ಲಿ ಕೆಳಗಿನ ಪದರ ಬೆಟ್ಟ ಹತ್ತುವುದಿಲ್ಲ, ಸುತ್ತಿ ಹೋಗುತ್ತದೆ. ಒಂದು ಪಾಲು ಉತ್ತರಕ್ಕೆ, ಹುವಾನ್ ಡಿ ಫುಕಾ ಜಲಸಂಧಿಯ ದಾರಿಯಲ್ಲಿ. ಇನ್ನೊಂದು ಪಾಲು ದಕ್ಷಿಣಕ್ಕೆ, ಚೆಹೇಲಿಸ್ ಎಂಬ ತಗ್ಗಿನ ದಾರಿಯಲ್ಲಿ. ಎರಡೂ ಪಾಲು ಬೆಟ್ಟದ ಬೆನ್ನ ಹಿಂದೆ ಮತ್ತೆ ಎದುರಾಗುತ್ತವೆ.

ನಿಸರ್ಗಧಾಮ ನೆನಪು ಮಾಡಿಕೊಳ್ಳಿ. ಕಾವೇರಿ ಅಲ್ಲಿ ದ್ವೀಪದ ಎರಡೂ ಪಕ್ಕ ಹರಿದು ಕೆಳಗೆ ಸೇರುತ್ತಾಳಲ್ಲ, ಅಲ್ಲಿ ನೀರು ಸ್ವಲ್ಪ ಹೊತ್ತು ತಳಮಳಿಸುತ್ತದೆ. ಗಾಳಿಯೂ ಹಾಗೇ. ಎದುರು ಬದುರಾದ ಗಾಳಿಗೆ ಕೆಳಗೆ ನೆಲ ಇದೆ, ಹೋಗಲು ಜಾಗ ಇರುವುದು ಮೇಲಕ್ಕೆ ಮಾತ್ರ. ಮೇಲೆ ಹೋದ ಗಾಳಿ ತಣ್ಣಗಾಗಿ ಮೋಡ ಕಟ್ಟುತ್ತದೆ. ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ಚಾಚಿದ, ಅಗಲ ಕಮ್ಮಿ ಇರುವ ಒಂದು ಮೋಡದ ಪಟ್ಟಿ. ಇಲ್ಲಿಯವರು ಇದಕ್ಕೆ ಪ್ಯೂಜೆಟ್ ಸೌಂಡ್ ಕನ್ವರ್ಜೆನ್ಸ್ ಝೋನ್ ಅನ್ನುತ್ತಾರೆ. ಗಾಳಿ ಕೂಡುವ ಪಟ್ಟಿ ಅನ್ನಬಹುದು. ಅದು ಹೆಚ್ಚಾಗಿ ಕೂರುವುದೇ ಸಿಯಾಟಲ್‌ನ ಉತ್ತರ ಭಾಗದಿಂದ ಎವರೆಟ್ ಊರಿನ ತನಕ. ಲಿನ್‌ವುಡ್ ಇರುವುದು ಸರಿಯಾಗಿ ಅದರ ಕೆಳಗೆ.

ನಿಮ್ಮ ತಮ್ಮನ ಮಗನಿಗೆ ನಕ್ಷತ್ರ ಕಂಡದ್ದಕ್ಕೂ ಕಾರಣ ಇದೆ. ಪಟ್ಟಿಯಲ್ಲಿ ಮೇಲೆ ಹೋದ ಗಾಳಿ ಎಲ್ಲಾದರೂ ಕೆಳಗೆ ಇಳಿಯಲೇಬೇಕು. ಅದು ಪಟ್ಟಿಯ ಎರಡೂ ಪಕ್ಕದಲ್ಲಿ ಇಳಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗಿ ಮೋಡ ಕರಗಿಸುತ್ತದೆ. ಒಬ್ಬರಿಗೆ ಹಿಮ ತಂದ ಅದೇ ಓಡಾಟ ಇನ್ನೊಬ್ಬರಿಗೆ ಆಕಾಶ ಬಿಡಿಸಿ ಕೊಟ್ಟಿತು.

ಒಂದು ಕೆಲಸ ಮಾಡಿ. ಇಬ್ಬರನ್ನೂ ಆ ಸಂಜೆ ಗಾಳಿ ಯಾವ ಕಡೆಯಿಂದ ಬರುತ್ತಿತ್ತು ಅಂತ ಕೇಳಿ.

ಸುಂಟಿಕೊಪ್ಪ ಬೆಳೆಗಾರ

ಕೇಳಿದೆ ಮಗಳೇ. ರೆಂಟನ್‌ನಲ್ಲಿ ಎದುರು ಮನೆಯ ಒಲೆ ಹೊಗೆ ಉತ್ತರಕ್ಕೆ ಹೋಗುತ್ತಿತ್ತಂತೆ. ಅಂದರೆ ಗಾಳಿ ದಕ್ಷಿಣದ್ದು. ಮಗಳ ಮನೆಯಲ್ಲಿ ಹಿಮ ಉತ್ತರದ ಗೋಡೆಗೆ ಅಂಟಿದೆ, ದಕ್ಷಿಣದ ಗೋಡೆ ಚೊಕ್ಕ. ಅಂದರೆ ಅಲ್ಲಿ ಗಾಳಿ ಉತ್ತರದ್ದು. ಒಂದೇ ಊರು, ಒಂದೇ ಹೊತ್ತು, ಎದುರು ಬದುರು ಗಾಳಿ. ನೀನು ಹೇಳಿದ್ದು ಕಣ್ಣಿಗೆ ಕಟ್ಟಿತು.

ಶನಿವಾರಸಂತೆ ಮೇಷ್ಟ್ರು

ಬಹಳ ಚೆನ್ನಾಗಿ ಹೇಳಿದಿರಿ ಅಮ್ಮ. ನಾನು ಭೂಗೋಳ ಪಾಠ ಮಾಡಿ ನಿವೃತ್ತನಾದವನು. ಎರಡು ಮಾತು ಸೇರಿಸುತ್ತೇನೆ.

ಈ ಗಾಳಿ ಕೂಡುವ ಪಟ್ಟಿಯ ಬಗ್ಗೆ ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ಲಿಫ್ ಮಾಸ್ 1981ರಲ್ಲೇ ಅಧ್ಯಯನ ಪ್ರಕಟಿಸಿದ್ದಾರೆ. ಜನಕ್ಕೆ ಅದಕ್ಕೂ ಮೊದಲೇ ಅನುಭವದಿಂದ ಗೊತ್ತಿದ್ದೀತು. ಕಾರಣವನ್ನು ಕ್ರಮವಾಗಿ ಬಿಡಿಸಿ ತೋರಿಸಿದ್ದು ಅವರು.

ಎರಡನೆಯದು. ಮಳೆ ನೆರಳು ಅಂದ ಕೂಡಲೇ ನಾವು ಬೆಟ್ಟದ ಈಚೆ ಬದಿ ಒಣ, ಆಚೆ ಬದಿ ಒದ್ದೆ ಅಂತ ಗೆರೆ ಎಳೆದುಬಿಡುತ್ತೇವೆ. ಮಕ್ಕಳಿಗೆ ನಾನೂ ಹಾಗೇ ಹೇಳಿಕೊಟ್ಟಿದ್ದೆ. ಅದು ಅರ್ಧ ಸರಿ. ಬೆಟ್ಟ ಅಲುಗುವುದಿಲ್ಲ, ಆದರೆ ಗಾಳಿ ದಿಕ್ಕು ಬದಲಾದರೆ ನೆರಳು ಅಲುಗುತ್ತದೆ. ಮನೆ ಮುಂದಿನ ಹಲಸಿನ ಮರದ ನೆರಳು ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಬೀಳುವ ಹಾಗೆ. ಒಲಿಂಪಿಕ್ ಬೆಟ್ಟಕ್ಕೆ ನೈಋತ್ಯದ ಗಾಳಿ ಬಡಿದರೆ ಈಶಾನ್ಯದ ಸೀಕ್ವಿಮ್ ಎಂಬ ಊರು ನೆರಳಿಗೆ ಬರುತ್ತದೆ. ಅಲ್ಲಿ ವರ್ಷಕ್ಕೆ 16 ಇಂಚು ಮಾತ್ರ ಮಳೆ. ಅದೇ ಬೆಟ್ಟದ ಪಶ್ಚಿಮಕ್ಕಿರುವ ಹೋ ಕಾಡಿನಲ್ಲಿ 140 ಇಂಚು. ನಮ್ಮ ಮಡಿಕೇರಿಗಿಂತಲೂ ಸ್ವಲ್ಪ ಜಾಸ್ತಿ. ಗಾಳಿ ವಾಯವ್ಯಕ್ಕೆ ತಿರುಗಿತೋ, ಈಗ ಹೇಳಿದ ಪಟ್ಟಿ ಹುಟ್ಟುತ್ತದೆ.

ಇನ್ನೊಂದು ಸಂಗತಿ. ಸಿಯಾಟಲ್ ಅಂದರೆ ಮಳೆ ಊರು ಅಂತ ಹೆಸರು. ಅಲ್ಲಿ ವರ್ಷಕ್ಕೆ ಬೀಳುವುದು 40 ಇಂಚಿನ ಒಳಗೆ, ಹೆಚ್ಚುಕಡಿಮೆ ನಮ್ಮ ಕುಶಾಲನಗರದಷ್ಟೇ. ಅಲ್ಲಿ ಸಣ್ಣಗೆ ತುಂಬ ದಿನ ಹನಿಯುತ್ತದೆ, ಅದಕ್ಕೇ ಆ ಹೆಸರು.

ಕುಶಾಲನಗರ ವಾಸಿ

ಮೇಷ್ಟ್ರೇ, ನಮ್ಮ ಊರು ಸಿಯಾಟಲ್‌ಗೆ ಸಮ ಅಂತ ಮನೆಯಲ್ಲಿ ಹೇಳಿದೆ. ಯಾರೂ ನಂಬಲಿಲ್ಲ.

ಆದರೆ ಒಂದು ನೋವಿನ ಮಾತು ಹೇಳಬೇಕು. ಮಳೆ ನಮ್ಮಲ್ಲಿ ಬೀಳದಿದ್ದರೂ ನೀರು ನಮ್ಮಲ್ಲಿಗೇ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿಯಿತು. ನಮ್ಮ ಕಡೆ ಬಡಾವಣೆಗಳಿಗೆ ಕಾವೇರಿ ನುಗ್ಗಿತು. ಮರು ವರ್ಷವೂ ನುಗ್ಗಿತು. ನಮ್ಮ ಮನೆಯ ಗೋಡೆ ಮೇಲೆ ಆ ನೀರಿನ ಗೆರೆ ಇನ್ನೂ ಇದೆ, ಸುಣ್ಣ ಹೊಡೆದರೂ ಕಾಣುತ್ತದೆ. ನಮ್ಮ ಮೇಲೆ ಎಷ್ಟು ಮಳೆ ಅನ್ನುವುದಕ್ಕಿಂತ ಭಾಗಮಂಡಲದಲ್ಲಿ ಎಷ್ಟು ಅಂತ ನೋಡಿಕೊಂಡು ಮಲಗುವ ಅಭ್ಯಾಸ ಆಗಿದೆ.

ಪೊನ್ನಂಪೇಟೆ ತೋಟ

ನನ್ನದೊಂದು ತಕರಾರು ಇದೆ. ಎಲ್ಲದಕ್ಕೂ ಬೆಟ್ಟ ಬೆಟ್ಟ ಅನ್ನುತ್ತಿದ್ದೀರಿ. ಕಾಫಿ ಹೂ ಬಿಡಿಸುವ ನಮ್ಮ ಬೇಸಿಗೆಯ ಹೂ ಮಳೆಗೆ ಯಾವ ಬೆಟ್ಟ? ಮಾರ್ಚ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಗುಡುಗಿ ನಮ್ಮ ತೋಟಕ್ಕೆ ಒಂದೂಕಾಲು ಇಂಚು ಬೀಳುತ್ತದೆ. ರಸ್ತೆ ಆಚೆ ದೊಡ್ಡಪ್ಪನ ತೋಟದಲ್ಲಿ ಧೂಳು ಅಡಗುವಷ್ಟೂ ಇಲ್ಲ. ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ಒಣಗಿರುತ್ತದೆ ಅನ್ನುತ್ತಾರಲ್ಲ, ಅದೇ. ಅಲ್ಲಿ ನೆರಳೂ ಇಲ್ಲ, ಎರಡು ಗಾಳಿ ಕೂಡುವುದೂ ಇಲ್ಲ. ಹಾಗಾದರೆ ಆ ಹಿಮದ್ದೂ ಬರೀ ಅದೃಷ್ಟ ಇರಬಾರದಾ?

ಶನಿವಾರಸಂತೆ ಮೇಷ್ಟ್ರು

ಒಳ್ಳೆಯ ತಕರಾರು. ಜಡಿ ಮಳೆ ಬೇರೆ, ಬಿಡಿ ಮಳೆ ಬೇರೆ. ಕಕ್ಕಡ ತಿಂಗಳಲ್ಲಿ (ಜುಲೈ, ಆಗಸ್ಟ್ ಹೊತ್ತಿಗೆ) ದಿನಗಟ್ಟಲೆ ಹೊಯ್ಯುವ ಮಳೆಗೆ ಆಕಾಶವಿಡೀ ಒಂದೇ ಮೋಡದ ಹಾಸು. ಹೂ ಮಳೆ ಹಾಗಲ್ಲ. ಬಿಸಿಲಿಗೆ ಕಾದ ನೆಲದಿಂದ ಗಾಳಿ ಮೇಲೇಳುತ್ತದೆ, ಅನ್ನ ಕುದಿಯುವಾಗ ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದ ಹಾಗೆ. ಒಂದೊಂದು ಗುಳ್ಳೆ ಒಂದೊಂದು ಮೋಡ. ಅದರ ಅಗಲ ಕೆಲವೇ ಕಿ.ಮೀ. ಗುಳ್ಳೆ ಎದ್ದ ಕಡೆ ಮಳೆ, ಎರಡು ಗುಳ್ಳೆಗಳ ನಡುವೆ ಗಾಳಿ ಇಳಿಯುತ್ತದೆ, ಅಲ್ಲಿ ಒಣ.

ಸಿಯಾಟಲ್ ಹಿಮದಲ್ಲೂ ಈ ಗುಣ ಇದೆ. ಅಲ್ಲಿ ಕಾಯುವುದು ನೆಲ ಅಲ್ಲ. ಸಾಗರದ ನೀರು ಚಳಿಗಾಲದಲ್ಲೂ ಸೊನ್ನೆಗಿಂತ ಎಷ್ಟೋ ಡಿಗ್ರಿ ಬೆಚ್ಚಗಿರುತ್ತದೆ. ಅದರ ಮೇಲೆ ಉತ್ತರದ ಚಳಿ ಗಾಳಿ ಹಾದರೆ ಕೆಳಗಿನಿಂದ ಬಿಸಿ, ಮೇಲೆ ತಣ್ಣಗೆ. ಅಲ್ಲೂ ಗುಳ್ಳೆ ಏಳುತ್ತದೆ. ಹಾಗೆ ಎದ್ದ ಬಿಡಿ ಬಿಡಿ ಮೋಡಗಳು ದಡಕ್ಕೆ ಬಂದು ಒಂದು ಬೀದಿಗೆ ಹಿಮ ಸುರಿದು ಹೋಗುತ್ತವೆ, ಪಕ್ಕದ ಬೀದಿಗೆ ಇಲ್ಲ. ಇದರ ಜೊತೆಗೆ ಗಾಳಿ ಕೂಡುವ ಪಟ್ಟಿಯೂ ಇದ್ದರೆ ಗುಳ್ಳೆಗಳೆಲ್ಲ ಸಾಲಾಗಿ ಅದೇ ಜಾಗದಲ್ಲಿ ಏಳುತ್ತವೆ.

ಹಾಗಾಗಿ ಅದೃಷ್ಟ ಅನ್ನುವುದು ಪೂರ್ತಿ ತಪ್ಪಲ್ಲ. ಯಾವ ಗುಳ್ಳೆ ಯಾರ ಮನೆ ಮೇಲೆ ಅನ್ನುವುದನ್ನು ಮೊದಲೇ ಹೇಳಲಾಗದು. ಯಾವ ಕಡೆ ಗುಳ್ಳೆ ಜಾಸ್ತಿ ಏಳುತ್ತದೆ ಅನ್ನುವುದನ್ನು ಹೇಳಬಹುದು.

ಪೊನ್ನಂಪೇಟೆ ತೋಟ

ಅನ್ನದ ಗುಳ್ಳೆ ಒಪ್ಪಿದೆ ಮೇಷ್ಟ್ರೇ.

ಮಾಜಿ ಸೈನಿಕ, ವಿರಾಜಪೇಟೆ

ಹಿಮದ ವಿಷಯ ಬಂದಿದ್ದರಿಂದ ಬರೆಯುತ್ತಿದ್ದೇನೆ. ನಾನು ಕಾಶ್ಮೀರ, ಲಡಾಖ್ ಎರಡೂ ಕಡೆ ಇದ್ದವನು. ಜೋಜಿಲಾ ಕಣಿವೆ ದಾರಿ 3,528 ಮೀಟರ್ ಎತ್ತರದಲ್ಲಿದೆ. ಈಚೆ ಸೋನಾಮಾರ್ಗ್ ಬದಿಯಲ್ಲಿ ಟ್ರಕ್ ಮುಚ್ಚುವಷ್ಟು ಹಿಮ. ದಾಟಿ ಮುಂದೆ ಮುಂದೆ ಲೇಹ್ ಕಡೆ ಹೋದಂತೆ ಹಿಮ ತೆಳುವಾಗುತ್ತ ಹೋಗಿ ಬರೀ ಮರಳು, ಕಲ್ಲು. ಲೇಹ್‌ನಲ್ಲಿ ಚಳಿ ಮೂಳೆ ಕೊರೆಯುತ್ತದೆ, ಆದರೆ ಮಳೆ ಹಿಮ ಎಲ್ಲ ಸೇರಿ ವರ್ಷಕ್ಕೆ 100 ಮಿ.ಮೀ. ಆಸುಪಾಸು. ನಮ್ಮಲ್ಲಿ ಜುಲೈನ ಒಂದು ದಿನದ ಮಳೆ. ಚಳಿ ಇದ್ದರೆ ಹಿಮ ಬೀಳುತ್ತದೆ ಅಂತ ಊರಿನಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಚಳಿ ಸಾಲದು. ತೇವ ಬೇಕು.

ಇನ್ನೊಂದು ನೋಡಿದ್ದೇನೆ. ಗುಡ್ಡದ ಬುಡದ ಕ್ಯಾಂಪ್‌ನಲ್ಲಿ ಮಳೆ ಬೀಳುತ್ತಿರುತ್ತದೆ. ವೈರ್‌ಲೆಸ್‌ನಲ್ಲಿ ಮೇಲಿನ ಪೋಸ್ಟ್ ಕೇಳಿದರೆ ಅಲ್ಲಿ ಹಿಮ. ಬೆಳಿಗ್ಗೆ ಎದ್ದು ನೋಡಿದರೆ ಗುಡ್ಡದ ಅರ್ಧಕ್ಕೆ ದಾರ ಹಿಡಿದು ಎಳೆದ ಹಾಗೆ ಗೆರೆ. ಮೇಲೆ ಬಿಳಿ, ಕೆಳಗೆ ಕಪ್ಪು.

ಗೋಣಿಕೊಪ್ಪದವಳು, ಈಗ ಸಿಯಾಟಲ್

ಸೈನಿಕ ಅಂಕಲ್ ಹೇಳಿದ ಗೆರೆ ಇಲ್ಲಿ ಊರಿನ ಮಧ್ಯದಲ್ಲೇ ಹಾದು ಹೋಗುತ್ತದೆ. ನಾನು ಮೊದಲು ಬರೆದದ್ದರಲ್ಲಿ ಇದನ್ನು ಬಿಟ್ಟಿದ್ದೆ.

ಸಿಯಾಟಲ್‌ನಲ್ಲಿ ಹಿಮ ಬೀಳುವ ದಿನ ತಾಪಮಾನ ಹೆಚ್ಚಾಗಿ ಸೊನ್ನೆ, ಒಂದು ಡಿಗ್ರಿ ಸುತ್ತಮುತ್ತಲೇ ಇರುತ್ತದೆ. ಕೆನಡಾದ ಒಳನಾಡಿನ ಹಾಗೆ ಮೈನಸ್ ಇಪ್ಪತ್ತು ಅಲ್ಲ. ಕಾರಣ ಸಮುದ್ರ. ತೇವ ಕೊಡುವುದೂ ಅದೇ, ಹಿಮ ಆಗದಂತೆ ಬೆಚ್ಚಗೆ ಇಡುವುದೂ ಅದೇ. ನೀರಿನ ದಡದಲ್ಲಿರುವ ಪೇಟೆಯಲ್ಲಿ ಮಳೆ. ಅಲ್ಲಿಂದ ಹತ್ತು ನಿಮಿಷ ಏರು ಹತ್ತಿದರೆ ಕ್ವೀನ್ ಆನ್ ಗುಡ್ಡ, 139 ಮೀಟರ್. ಅಲ್ಲಿ ಹಿಮ. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿ ಇಳಿಯುತ್ತದೆ ಅಂತ ಲೆಕ್ಕ. ಅಂದರೆ ಆ ಗುಡ್ಡದ ತಲೆಗೂ ಬುಡಕ್ಕೂ ಒಂದು ಡಿಗ್ರಿಯೂ ಪೂರ್ತಿ ವ್ಯತ್ಯಾಸ ಇಲ್ಲ. ಆದರೂ ಸೊನ್ನೆಯ ಹತ್ತಿರ ಆ ಅರೆ ಡಿಗ್ರಿಯೇ ಎಲ್ಲ ತೀರ್ಮಾನ ಮಾಡುತ್ತದೆ. ಕುಶಾಲನಗರದಿಂದ ಮಡಿಕೇರಿಗೆ 300 ಮೀಟರ್ ಏರಿದಾಗ ಸ್ವೆಟರ್ ಬೇಕು ಅನ್ನಿಸುತ್ತದಲ್ಲ, ಅದರ ಅರ್ಧಕ್ಕಿಂತ ಕಮ್ಮಿ ಏರು ಇದು.

ನನಗೆ ತುಂಬ ಇಷ್ಟವಾದ ಒಂದು ವಿಷಯ ಹೇಳುತ್ತೇನೆ. ಹಿಮದ ಹರಳು ಕೆಳಗೆ ಬೀಳುತ್ತ ಕರಗುವಾಗ ಸುತ್ತಲಿನ ಗಾಳಿಯಿಂದ ಶಾಖ ಹೀರುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಬೇಕು, ಶಾಲೆಯಲ್ಲಿ ಓದಿದ್ದು. ಸಣ್ಣಗೆ ಬೀಳುತ್ತಿದ್ದರೆ ಹರಳುಗಳು ಕರಗಿ ಮಳೆಯಾಗಿ ಮುಗಿಯುತ್ತವೆ. ಜೋರಾಗಿ ಬಿದ್ದರೆ ಮೊದಲು ಕರಗಿದ ಹರಳುಗಳು ಗಾಳಿಯನ್ನು ತಣ್ಣಗೆ ಮಾಡಿಬಿಡುತ್ತವೆ. ಹಿಂದೆ ಬರುವ ಹರಳುಗಳಿಗೆ ಕರಗಲು ಶಾಖವೇ ಉಳಿದಿರುವುದಿಲ್ಲ. ಅವು ಹಾಗೇ ನೆಲ ಮುಟ್ಟುತ್ತವೆ. ಹಾಗಾಗಿ ಗಾಳಿ ಕೂಡುವ ಪಟ್ಟಿಯ ಒಳಗೆ ಜೋರು ಮಳೆ ನೋಡನೋಡುತ್ತ ಹಿಮ ಆಗುತ್ತದೆ. ನಾನು ಒಮ್ಮೆ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ನೋಡಿದೆ. ಕೋಟಿನ ತೋಳಿನ ಮೇಲೆ ಮೊದಲು ಹನಿ ಬಿತ್ತು. ಆಮೇಲೆ ಹನಿಯ ನಡುವೆ ಬಿಳಿ ಚುಕ್ಕೆ. ಐದು ನಿಮಿಷದಲ್ಲಿ ದೊಡ್ಡ ದೊಡ್ಡ ಒದ್ದೆ ಎಸಳು. ಬಸ್ ಬರುವ ಹೊತ್ತಿಗೆ ರಸ್ತೆಯ ಬಿಳಿ ಗೆರೆ ಕಾಣುತ್ತಿರಲಿಲ್ಲ.

ಸುಂಟಿಕೊಪ್ಪ ಬೆಳೆಗಾರ

ಇದನ್ನು ಓದಿ ರಾತ್ರಿ ಸುಮಾರು ಹೊತ್ತು ಯೋಚನೆ ಮಾಡಿದೆ. ಒಂದು ಲೆಕ್ಕ ಹೊಳೆಯಿತು, ತಪ್ಪಿದ್ದರೆ ತಿದ್ದಿ.

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಮಳೆ ಪುಸ್ತಕ ಇದೆ. ಅಂಗಳದ ಮೂಲೆಯಲ್ಲಿ ತಾಮ್ರದ ಮಳೆ ಮಾಪಕ. ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಅದರ ನೀರನ್ನು ಗಾಜಿನ ಅಳತೆಗೆ ಸುರಿದು ನೋಡುವುದು, ಬರೆಯುವುದು. ಇಂಚು ಮತ್ತು ಸೆಂಟ್ಸ್. ನೂರು ಸೆಂಟ್ಸ್‌ಗೆ ಒಂದು ಇಂಚು. ಹೊರಗಿನವರಿಗಾಗಿ ಹೇಳಿದೆ, ಇಲ್ಲಿಯವರಿಗೆ ಗೊತ್ತೇ ಇದೆ.

ಒಂದು ಇಂಚು ನೀರು ಹಿಮವಾದರೆ ಸುಮಾರು ಹತ್ತು ಇಂಚು ದಪ್ಪ ಆಗುತ್ತದೆ ಅಂತ ಮಗಳು ಹೇಳಿದಳು. ಒದ್ದೆ ಹಿಮ ಆದರೆ ಅದಕ್ಕಿಂತ ಕಮ್ಮಿ, ಆದರೂ ಇಟ್ಟುಕೊಳ್ಳಲು ಹತ್ತು ಸುಲಭ. ಹಾಗಾದರೆ ಅವಳ ಕಟಕಟೆ ಮೇಲಿನ ನಾಲ್ಕು ಇಂಚು ಹಿಮ ಅಂದರೆ ನಮ್ಮ ಲೆಕ್ಕದಲ್ಲಿ 40 ಸೆಂಟ್ಸ್. ಅಷ್ಟೇ! ಜುಲೈನಲ್ಲಿ 40 ಸೆಂಟ್ಸ್ ಬಿದ್ದರೆ "ಇವತ್ತು ಮಳೆ ಬಿಟ್ಟಿದೆ" ಅನ್ನುತ್ತೇವೆ. ಭಾಗಮಂಡಲದಲ್ಲಿ ಅದನ್ನು ಮಳೆ ಅಂತ ಬಾಯಿ ಬಿಟ್ಟು ಹೇಳುವುದೂ ಇಲ್ಲ.

ನನಗೆ ಅನ್ನಿಸಿದ್ದು ಇದು. ನಮ್ಮ ತೋಟಕ್ಕೂ ಪಕ್ಕದ ತೋಟಕ್ಕೂ ಜುಲೈನಲ್ಲಿ ದಿನಾ 20, 30 ಸೆಂಟ್ಸ್ ವ್ಯತ್ಯಾಸ ಇದ್ದೇ ಇರುತ್ತದೆ. ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಅದು ಕಾಣುವುದಿಲ್ಲ. ನೀರು ಹರಿದು ಹೋಗಿಬಿಡುತ್ತದೆ. ಅದೇ ವ್ಯತ್ಯಾಸ ಹಿಮವಾಗಿ ಬಿದ್ದರೆ ಹತ್ತು ಪಟ್ಟು ದಪ್ಪ ಆಗುತ್ತದೆ, ಹರಿಯುವುದಿಲ್ಲ, ಬಿದ್ದಲ್ಲೇ ಬಿಳಿಯಾಗಿ ಕೂತು ಎಲ್ಲರ ಕಣ್ಣಿಗೆ ಬೀಳುತ್ತದೆ. ಒಂದು ಬೀದಿಯಲ್ಲಿ ಕಾರು ಜಾರುತ್ತದೆ, ಇನ್ನೊಂದರಲ್ಲಿ ಇಲ್ಲ. ಮಳೆಯೂ ಎಲ್ಲ ಕಡೆ ಹೀಗೇ ತೂತು ತೂತಾಗಿಯೇ ಬೀಳುತ್ತದೆ. ಹಿಮ ಅದನ್ನು ತೋರಿಸಿಕೊಡುತ್ತದೆ, ಅಲ್ವಾ?

ಶನಿವಾರಸಂತೆ ಮೇಷ್ಟ್ರು

ತಿದ್ದಲು ಏನೂ ಇಲ್ಲ. ನಲವತ್ತು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಸೆಂಟ್ಸ್‌ನಲ್ಲಿ ಯೋಚಿಸುವವರಿಗೇ ಹೊಳೆಯಬೇಕು.

ಸೋಮವಾರಪೇಟೆ ಗೃಹಿಣಿ

ಮಧ್ಯೆ ಒಂದು ಸಣ್ಣ ಪ್ರಶ್ನೆ. ನಮ್ಮ ಕಡೆ ಬೇಸಿಗೆ ಮಳೆಯಲ್ಲಿ ಆಲಿಕಲ್ಲು ಬಿದ್ದು ಅಂಗಳ ಬೆಳ್ಳಗಾಗುತ್ತದೆ. ಮಕ್ಕಳು ಲೋಟದಲ್ಲಿ ತುಂಬಿಕೊಂಡು ಬರುತ್ತಾರೆ. ಅದೂ ಹಿಮವೇ ತಾನೇ?

ಶನಿವಾರಸಂತೆ ಮೇಷ್ಟ್ರು

ಅಲ್ಲಮ್ಮ. ಎರಡೂ ನೀರು ಗಟ್ಟಿಯಾದದ್ದೇ, ಆದರೆ ಹುಟ್ಟು ಬೇರೆ. ಹಿಮ ಅಂದರೆ ನೀರಾವಿ ನೇರವಾಗಿ ಹರಳು ಕಟ್ಟಿದ್ದು, ಹತ್ತಿಯ ಹಾಗೆ ಹಗುರ. ಆಲಿಕಲ್ಲು ಗುಡುಗು ಮೋಡದ ಒಳಗೆ ಮೇಲೆ ಕೆಳಗೆ ಎಸೆಯಲ್ಪಟ್ಟು ಪದರ ಪದರವಾಗಿ ನೀರು ಹೆಪ್ಪುಗಟ್ಟಿದ್ದು. ಅದಕ್ಕೇ ಕಲ್ಲು. ಒಂದನ್ನು ಮಧ್ಯಕ್ಕೆ ಒಡೆದು ನೋಡಿ, ಈರುಳ್ಳಿಯಂತೆ ಸುತ್ತು ಸುತ್ತು ಕಾಣುತ್ತದೆ. ನೆಲದಲ್ಲಿ 30 ಡಿಗ್ರಿ ಬಿಸಿ ಇದ್ದರೂ ಆಲಿಕಲ್ಲು ಬೀಳಬಹುದು. ಹಿಮ ಬೀಳದು.

ಮಡಿಕೇರಿ ಪೇಟೆ

ಈ ವ್ಯತ್ಯಾಸ ಎಲ್ಲ ಈಗ ಹವಾಮಾನ ಬದಲಾವಣೆಯಿಂದ ಬಂದದ್ದು ಅಲ್ಲವೇ? ಹಿಂದೆ ಮಳೆ ಎಲ್ಲ ಕಡೆ ಸಮನಾಗಿ ಬೀಳುತ್ತಿತ್ತು ಅಂತ ಅಜ್ಜಿ ಹೇಳುತ್ತಿದ್ದರು. ಇನ್ನೊಂದು, ಅಮೆರಿಕದಂಥ ದೇಶದಲ್ಲಿ ರಾಡಾರ್ ಎಲ್ಲ ಇಟ್ಟುಕೊಂಡೂ ಹಿಮ ಎಲ್ಲಿ ಬೀಳುತ್ತದೆ ಅಂತ ಹೇಳಲಾಗುವುದಿಲ್ಲವೇ?

ಗೋಣಿಕೊಪ್ಪದವಳು, ಈಗ ಸಿಯಾಟಲ್

ಅಕ್ಕ/ಅಣ್ಣ, ಮೊದಲ ಪ್ರಶ್ನೆಗೆ: ಒಲಿಂಪಿಕ್ ಬೆಟ್ಟ ನಿನ್ನೆ ಮೊನ್ನೆ ಬಂದದ್ದಲ್ಲ. ಬೆಟ್ಟ ಇರುವಷ್ಟು ಕಾಲದಿಂದ ಗಾಳಿ ಹೀಗೇ ಸುತ್ತಿ ಬಂದು ಕೂಡುತ್ತಿದೆ. ಭೂಮಿ ಬಿಸಿಯಾಗುತ್ತಿರುವುದು ನಿಜ, ಅದರಿಂದ ಮಳೆಯ ಜೋರು ಹೆಚ್ಚುತ್ತಿರುವುದೂ ನಿಜ. ಆದರೆ ಒಂದು ಸಂಜೆ ಒಂದು ಬೀದಿಗೆ ಹಿಮ ಬಿದ್ದು ಇನ್ನೊಂದಕ್ಕೆ ಬೀಳದ್ದಕ್ಕೆ ಅದನ್ನು ಕಾರಣ ಮಾಡಬಾರದು.

ಎರಡನೆಯದಕ್ಕೆ: ಗಾಳಿ ಕೂಡುತ್ತದೆ, ಪಟ್ಟಿ ಹುಟ್ಟುತ್ತದೆ ಅಂತ ಒಂದೆರಡು ದಿನ ಮೊದಲೇ ಹೇಳುತ್ತಾರೆ. ಅದು ಸಾಮಾನ್ಯವಾಗಿ ಸರಿ ಇರುತ್ತದೆ. ಕಷ್ಟ ಇರುವುದು ಜಾಗದಲ್ಲಿ. ಎರಡು ಗಾಳಿಯಲ್ಲಿ ಒಂದು ಸ್ವಲ್ಪ ಬಲವಾದರೆ ಪಟ್ಟಿ ಹದಿನೈದು ಕಿ.ಮೀ. ಪಕ್ಕಕ್ಕೆ ಸರಿಯುತ್ತದೆ. ನಕ್ಷೆಯಲ್ಲಿ ಅದು ಬೆರಳಿನ ಅಗಲ. ಊರಿನಲ್ಲಿ ಅದು ಸಾವಿರಾರು ಮನೆ. ಜೊತೆಗೆ ಆ ಅರೆ ಡಿಗ್ರಿ ಬೇರೆ. ಇಲ್ಲಿ ಸಾಗರದ ಕಡೆಗೆ ಮುಖ ಮಾಡಿ ಲ್ಯಾಂಗ್ಲಿ ಹಿಲ್ ಎಂಬಲ್ಲಿ 2011ರಲ್ಲಿ ಹೊಸ ರಾಡಾರ್ ಹಾಕಿದರು. ಅದಕ್ಕೂ ಮೊದಲು ಬೆಟ್ಟದ ಆಚೆ ಏನು ಬರುತ್ತಿದೆ ಅಂತಲೇ ಸರಿಯಾಗಿ ಕಾಣುತ್ತಿರಲಿಲ್ಲ. ಈಗ ಕಾಣುತ್ತದೆ. ಆದರೂ ರಾಡಾರ್ ಬಂದದ್ದನ್ನು ತೋರಿಸುತ್ತದೆ, ನಾಳೆಯದನ್ನಲ್ಲ.

ಎಲ್ಲ ಹಿಮವೂ ಹೀಗೆ ತುಂಡು ತುಂಡಾಗಿ ಬೀಳುತ್ತದೆ ಅಂತಲೂ ತಿಳಿಯಬೇಡಿ. 2019ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣದಲ್ಲಿ ತಿಂಗಳಿಗೆ 20 ಇಂಚಿಗೂ ಮೇಲೆ ಬಿತ್ತು. ಆಗ ಊರಿಗೆ ಊರೇ ಮುಚ್ಚಿತ್ತು. ಅಂಥ ಹಿಮಕ್ಕೆ ಕೆನಡಾದ ಫ್ರೇಜರ್ ನದಿ ಕಣಿವೆಯಿಂದ ಚಳಿ ಗಾಳಿ ಇಳಿದು ಬಂದಿರಬೇಕು, ಅದೇ ಹೊತ್ತಿಗೆ ಸಾಗರದಿಂದ ತೇವದ ಮೋಡವೂ ಬರಬೇಕು. ಎರಡೂ ಒಂದೇ ದಿನ ಒದಗುವುದು ಅಪರೂಪ. ನಾನು ಆ ವಾರ ಅಕ್ಕಿ ರೊಟ್ಟಿ, ಉಪ್ಪಿನಕಾಯಿ, ಊರಿಂದ ತಂದ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಇವುಗಳಲ್ಲೇ ದಿನ ಕಳೆದೆ.

ಮಡಿಕೇರಿ ಪೇಟೆ

ಅರ್ಥ ಆಯಿತು. ನಮ್ಮಲ್ಲೂ ಇಡೀ ಜಿಲ್ಲೆಗೆ ಒಂದೇ ಬಣ್ಣದ ಎಚ್ಚರಿಕೆ ಬರುತ್ತದೆ. ರೆಡ್ ಅಲರ್ಟ್ ಅಂದ ದಿನ ಒಂದು ಹೋಬಳಿಯಲ್ಲಿ 200 ಮಿ.ಮೀ. ಬಿದ್ದರೆ ಇನ್ನೊಂದರಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ಬೀಳದವರು ಮುಂದಿನ ಸಲ ಎಚ್ಚರಿಕೆಯನ್ನು ನಂಬುವುದಿಲ್ಲ, ನನಗೆ ಭಯ ಅದೇ.

ಕುಶಾಲನಗರ ವಾಸಿ

ನಾವು ನಂಬುತ್ತೇವೆ. ಗೋಡೆ ಮೇಲೆ ಗೆರೆ ಇದೆಯಲ್ಲ.

ಮಾಜಿ ಸೈನಿಕ, ವಿರಾಜಪೇಟೆ

ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ತಾನೇ ಲೆಕ್ಕ ಕಳಿಸುವ ಮಳೆ ಮಾಪಕ ಇಟ್ಟಿದ್ದಾರೆ. ದಿನಾ ನೋಡಿ. ಜಿಲ್ಲೆಯ ಸರಾಸರಿ ನೋಡಿ ಪ್ರಯೋಜನ ಇಲ್ಲ. ಅದರ ಜೊತೆಗೆ ತೋಟದ ಹಳೆಯ ಪುಸ್ತಕಗಳನ್ನೂ ಬಿಡಬೇಡಿ. ಐವತ್ತು ಅರುವತ್ತು ವರ್ಷದ ಲೆಕ್ಕ ಎಷ್ಟೋ ಮನೆಗಳ ಅಟ್ಟದಲ್ಲಿ ಗೆದ್ದಲು ತಿನ್ನುತ್ತಿದೆ. ದಯವಿಟ್ಟು ಇಳಿಸಿ, ಫೋಟೋ ತೆಗೆದಿಡಿ.

ಪೊನ್ನಂಪೇಟೆ ತೋಟ

ನಮ್ಮ ಅಟ್ಟದಲ್ಲೂ ಇದೆ. ಈ ಭಾನುವಾರ ಇಳಿಸುತ್ತೇನೆ.

ಸುಂಟಿಕೊಪ್ಪ ಬೆಳೆಗಾರ

ಒಂದು ತಿಂಗಳ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಮೊನ್ನೆ ಅಲ್ಲಿ ಇನ್ನೊಮ್ಮೆ ಹಿಮ ಬಿತ್ತು. ಈ ಸಲ ಇಬ್ಬರಿಗೂ ಮೊದಲೇ ಹೇಳಿದ್ದೆ, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಸ್ಕೇಲ್ ಇಟ್ಟು ನೋಡಿ ಅಂತ. ಲಿನ್‌ವುಡ್‌ನಲ್ಲಿ ಸೊನ್ನೆ. ರೆಂಟನ್‌ನಲ್ಲಿ ಎರಡು ಇಂಚು. ಪೂರಾ ತಿರುಗಾಮುರುಗಾ. ಗೋಣಿಕೊಪ್ಪದ ಮಗಳನ್ನು ಕೇಳಿದೆ. ಈ ಸಲ ಅದು ಗಾಳಿ ಕೂಡುವ ಪಟ್ಟಿಯೇ ಅಲ್ಲವಂತೆ. ಸಾಗರದಿಂದ ಬಂದ ತಗ್ಗು ಒತ್ತಡ ದಕ್ಷಿಣಕ್ಕೆ ಹಾದು ಹೋಯಿತು, ಅದರ ಅಂಚು ರೆಂಟನ್‌ಗೆ ಮಾತ್ರ ತಾಗಿತು. ಮಳೆ ಪುಸ್ತಕದ ಕೊನೆಯ ಪುಟದಲ್ಲಿ ಇಬ್ಬರ ಹೆಸರಿಗೂ ಒಂದೊಂದು ಕಾಲಂ ಹಾಕಿದ್ದೇನೆ. ಗಾಳಿ ದಿಕ್ಕಿಗೆ ಇನ್ನೊಂದು.

ನಿನ್ನೆ ಸಂಜೆ ನಮ್ಮಲ್ಲೂ ಮೊದಲ ಹೂ ಮಳೆ ಬಂತು. ಗುಡುಗು ಕೇಳಿ ಅವ್ವನೂ ಜಗಲಿಗೆ ಬಂದು ಕೂತರು. ಹತ್ತು ನಿಮಿಷ ಚೆನ್ನಾಗಿ ಹೊಯ್ದು ನಿಂತುಬಿಟ್ಟಿತು. ಮೇಲಿನ ತೋಟದವರಿಗೆ ಒಂದು ಇಂಚು ಹತ್ತು ಸೆಂಟ್ಸ್ ಅಂತೆ. ನನ್ನ ಮಾಪಕದಲ್ಲಿ 35. ರೊಬಸ್ಟಾ ಕಾಫಿಗೆ ಇದು ಸಾಲದು. ಇಷ್ಟಕ್ಕೇ ಬಿಟ್ಟರೆ ಮೊಗ್ಗು ಅರ್ಧ ಬಿರಿದು ಕೆಟ್ಟು ಹೋಗುತ್ತದೆ. ಇವತ್ತು ಪೈಪ್ ಎಳೆಸಿದ್ದೇನೆ, ರಾತ್ರಿ ಕರೆಂಟ್ ಬಂದ ಕೂಡಲೇ ಸ್ಪ್ರಿಂಕ್ಲರ್ ಶುರು ಮಾಡಬೇಕು. ಪೊನ್ನಂಪೇಟೆ ಕಡೆ ಎಷ್ಟು ಬಿತ್ತು?

ಪೊನ್ನಂಪೇಟೆ ತೋಟ

ನಮಗೆ ಸೊನ್ನೆ. ದೊಡ್ಡಪ್ಪನ ಕಡೆ 90.